ಒಪ್ಪಿಗೆಯಿಲ್ಲದ ಮುಖ

ಗದಗಿನ ಕಲ್ಯಾಣಮಂಟಪದಲ್ಲಿ, ಮಗಳ ಮದುವೆಯ ದಿನ, ಗುರುಪಾದಪ್ಪ ತೀರಿಹೋದ ಹೆಂಡತಿ ನೀಲಾಂಬಿಕೆಯ ಫೋಟೊಗೆ ಹಾರ ಹಾಕಿದ. ಸೀರೆ, ಓಲೆ, ಮಲ್ಲಿಗೆ ದಂಡೆ ಎಲ್ಲ ಸ್ಪಷ್ಟವಾಗಿತ್ತು. ಮುಖವಿರಬೇಕಾದಲ್ಲಿ ಬೂದು ಮಸುಕು. ಬಂದವರಾರೂ ಅದನ್ನು ಎರಡನೇ ಸಲ ನೋಡಲಿಲ್ಲ. ಮುಖದ ಹಕ್ಕು ಮುಖದವರದೇ ಎಂಬ ಕಾನೂನು ಬಂದ ಮೇಲೆ, ವರ್ಷಕ್ಕೊಮ್ಮೆ ಫೋನಿನಲ್ಲಿ ಒಪ್ಪಿಗೆ ಒತ್ತದವರೆಲ್ಲ ಫೋಟೊಗಳಲ್ಲಿ ಹೀಗೇ ಅಳಿಸಿಹೋಗುತ್ತಿದ್ದರು. ಸತ್ತವರು ಎಲ್ಲಿಂದ ಒತ್ತಬೇಕು?

"ವಾರಸುದಾರರ ಹೆಸರು ಹಾಕಿದ್ರ ನೀವ ಒತ್ತಬಹುದಿತ್ತಲ್ರೀ," ಎಂದ ಫೋಟೊಗ್ರಾಫರ್ ಇಸ್ಮಾಯಿಲ್.

ಗುರುಪಾದಪ್ಪ ಹಾರ ಸರಿಮಾಡಿದ. ಓಣಿಗೆಲ್ಲ ಪ್ರೈವೆಸಿ ಸೆಟ್ಟಿಂಗ್ಸ್ ಹೇಳಿಕೊಡುತ್ತಿದ್ದವನು ಅವನೇ. ಹೆಂಡತಿಯ ಮುಖಕ್ಕೆ ಎಲ್ಲಕ್ಕಿಂತ ಬಿಗಿಯಾದ ಬೀಗ ಜಡಿದು, ವಾರಸುದಾರರ ಜಾಗದಲ್ಲಿ 'ಯಾರೂ ಬೇಡ' ಎಂದು ಒತ್ತಿ, "ಇನ್ನ ನಿನ್ನ ಯಾರೂ ಕದಿಯಾಕ ಆಗೂದಿಲ್ಲ" ಎಂದು ಮೀಸೆ ತಿರುವಿದ್ದ.

ಮದುಮಗಳು ಮೈತ್ರಾ ಅಮ್ಮನ ಇಳಕಲ್ ಸೀರೆಯುಟ್ಟು ಆ ಫೋಟೊದ ಪಕ್ಕ ಕೂತು ನಕ್ಕಳು. ಇಸ್ಮಾಯಿಲ್ ಕ್ಲಿಕ್ಕಿಸಿ ಪರದೆ ನೋಡಿದ. ಇನ್ನೆರಡು ಸಲ ತೆಗೆದ. ಆಮೇಲೆ ಗುರುಪಾದಪ್ಪನನ್ನು ಪಕ್ಕಕ್ಕೆ ಕರೆದು ಪರದೆ ತೋರಿಸಿದ. ಮಗಳ ಮುಖವೂ ಬೂದು ಮಸುಕಾಗಿತ್ತು.

"ಕ್ಯಾಮೆರಾ ಇವರನ್ನ ತಾಯಿ ಅಂತ ತಿಳ್ಕೊಂಡೈತ್ರೀ," ಎಂದ ಮೆಲ್ಲಗೆ. "ಸುಮ್ನ ಕುಂತಾಗ ಮುಖ ಬರ್ತೈತಿ. ನಕ್ಕಾಗಷ್ಟ ಅಳಿಸಿ ಹೋಗ್ತೈತಿ."

ಗುರುಪಾದಪ್ಪ ಮಗಳ ಕಡೆ ತಿರುಗಿದ. ಎಡಗೆನ್ನೆಯಲ್ಲಿ ಅದೇ ಗುಳಿ. ನೀಲಾಂಬಿಕೆ ಹೋದ ಮೇಲೆ ಯಾವ ಪರದೆಯೂ ತೋರಿಸದಿದ್ದ ಅದೇ ನಗು. ಕಣ್ತುಂಬ ನೋಡಿಕೊಂಡ. ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟ.

"ನಗಬ್ಯಾಡವ್ವ," ಎಂದ.