ಹಳದಿ ಅಂಗೈ

ವೆಂಡೆಲ್‌ನ ಅಂಗೈಯಲ್ಲಿ ಹಳದಿ ಬಣ್ಣವಿತ್ತು. ಬಿಸಿ ಸೇಬಿನ ರಸದ ಲೋಟ ಕೊಡಲು ಅವನು ಕೈ ಚಾಚಿದಾಗ ಹಾಲಿಸ್ ಅದನ್ನು ಕಂಡ.

ಆಟದಲ್ಲಿ ತಮ್ಮ ತಂಡದ ಗುಂಡುಗಳ ಬಣ್ಣ ನೀಲಿ. ಹಳದಿ ಎದುರಾಳಿಗಳದು.

ಹಾಲಿಸ್ ಲೋಟ ಮುಟ್ಟಲಿಲ್ಲ. ಗೆದ್ದ ಬಾವುಟ ಅವನ ತೊಡೆಯ ಮೇಲೇ ಇತ್ತು.

ಇದು ಸಾವಿರದ ಒಂಬೈನೂರ ಎಂಬತ್ಮೂರರ ಮಾತು. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಕಾಡುಗಳಲ್ಲಿ, ಬಣ್ಣ ತುಂಬಿದ ಗುಂಡು ಹೊಡೆದಾಡುವ ಪೇಂಟ್‌ಬಾಲ್ ಆಟ ಆಗಷ್ಟೇ ಕಣ್ಣು ಬಿಡುತ್ತಿತ್ತು. ಕಡಿಯಬೇಕಾದ ಮರಕ್ಕೆ ಗುರುತು ಹೊಡೆಯುವ ಪಿಸ್ತೂಲನ್ನೇ ಹಿಡಿದು, ಗರಗಸದ ಮಿಲ್ಲಿನವರು, ಹಾಲಿನ ಲಾರಿಯವರು ಭಾನುವಾರಗಳಲ್ಲಿ ತಂಡ ಕಟ್ಟಿ ಆಡುತ್ತಿದ್ದರು. ಎದುರು ತಂಡದ ಬಾವುಟ ಕಿತ್ತು ತಮ್ಮ ನೆಲೆಗೆ ತಂದವರು ಗೆದ್ದರು. ಬಣ್ಣ ಬಿದ್ದವನು ತಾನಾಗಿ ಕೈಯೆತ್ತಿ ಹೊರಗೆ ನಡೆಯಬೇಕು. ಅಷ್ಟು ದೊಡ್ಡ ಕಾಡಿನಲ್ಲಿ ನೋಡುವವರು ಯಾರು? ಆಟ ನಿಂತಿದ್ದುದೇ ಆ ನಂಬಿಕೆಯ ಮೇಲೆ.

ತಂಡ ಕಟ್ಟಿದವನು ಹಾಲಿಸ್‌ನ ಮಗ ಟಾಡ್. ಹಿಂದಿನ ಚಳಿಗಾಲದಲ್ಲಿ ಅಪ್ಪನೇ ಗುರುತು ಹೊಡೆದಿದ್ದ ಮರವೊಂದು, ಕಡಿಯುವಾಗ ತಿರುಗಿ ಟಾಡ್‌ನ ಮೇಲೇ ಉರುಳಿ ಅವನನ್ನು ಕೊಂದಿತು. ಮಗನ ಜಾಗಕ್ಕೆ ಅಪ್ಪ ಬಂದ, ಮಗನ ಕೋಟನ್ನೇ ತೊಟ್ಟು. ಈ ಪಂದ್ಯದ ಬಾವುಟವನ್ನು ಟಾಡ್‌ನ ಸಮಾಧಿಯ ಬಳಿ ನೆಡಬೇಕು, ಅಷ್ಟೇ ಅವನ ಆಸೆ. ಅದನ್ನು ಬಾಯಿಬಿಟ್ಟು ಹೇಳಿದ್ದು ವೆಂಡೆಲ್‌ಗೆ ಮಾತ್ರ. ಮೂವತ್ತು ವರ್ಷ ಬೇಲಿಯಾಚೆಯ ನೆರೆಯವನು. ಇಬ್ಬರೂ ಸೇರಿಯೇ ಹುಲ್ಲು ಕೊಯ್ದವರು.

ಬಾವುಟ ಕಿತ್ತವನು ಹಾಲಿಸ್. ಹಿಂದೆ ಕಾವಲಿಗೆ ವೆಂಡೆಲ್. ತೊರೆಯ ಹತ್ತಿರ ಬೆನ್ನಿಗೆ ಎರಡು ಸಲ ಏನೋ ಬಡಿದಂತಾಯಿತು. ಎರಡನೆಯದು ವೆಂಡೆಲ್‌ನ ಕೈ.

"ತಿರುಗಿ ನೋಡ್ಬೇಡ ಮಾರಾಯ, ಓಡು!"

ಹಾಲಿಸ್ ಓಡಿದ. ವೆಂಡೆಲ್ ಅವನ ಬೆನ್ನಿಗಂಟಿಕೊಂಡೇ ಬಂದ. ನೆಲೆ ಮುಟ್ಟುತ್ತಲೇ, ಬೆವರಿದ ಮೈಗೆ ಗಾಳಿ ಒಳ್ಳೆಯದಲ್ಲವೆಂದು ತನ್ನ ಕೆಂಪು ಚೌಕಳಿಯ ದೊಡ್ಡ ಕೋಟನ್ನು ಅವನ ಕೋಟಿನ ಮೇಲೇ ತೊಡಿಸಿ, ಗುಂಡಿಗಳನ್ನೂ ತಾನೇ ಹಾಕಿದ. ಆಳಿಗಿಂತ ಕೋಟೇ ದೊಡ್ಡದಾಯಿತೆಂದು ಎಲ್ಲರೂ ನಕ್ಕರು.

ಈಗ ಈ ಅಂಗೈ.

"ಎಲ್ಲಿ ಬಿತ್ತು?" ಹಾಲಿಸ್ ಕೇಳಿದ.

ವೆಂಡೆಲ್ ಕೈ ಮುಚ್ಚಿಕೊಂಡ. "ಕಾಣದ ಕಡೆ ಬಿತ್ತು. ಬಿಡು ಅದನ್ನ."

"ಒರೆಸ್ಕೊಂಡೆಯಾ?"

"ಹೂಂ. ಒರೆಸ್ದೆ."

"ನನ್ನ ಮಗನ ಹೆಸರಲ್ಲಿ ಆಡೋ ಆಟ ಇದು, ವೆಂಡೆಲ್."

"ಗೊತ್ತು ಕಣೋ. ಅದಕ್ಕೇ."

ಹಾಲಿಸ್ ಎದ್ದು ಎಲ್ಲರೆದುರು ಬಾವುಟವನ್ನು ತೀರ್ಪುಗಾರನ ಕೈಗೆ ಕೊಟ್ಟ. ತಮ್ಮಲ್ಲೊಬ್ಬ ಕಳ್ಳನಿದ್ದಾನೆಂದು ಹೆಸರು ಹಿಡಿದೇ ಹೇಳಿದ. ವೆಂಡೆಲ್ ತಲೆ ತಗ್ಗಿಸಿ ನಿಂತ, ಇಲ್ಲವೆನ್ನಲಿಲ್ಲ. ಆ ಕೋಪದಲ್ಲಿ ಮೈಮೇಲಿರುವುದು ಯಾರ ಕೋಟೆಂಬುದೂ ಹಾಲಿಸ್‌ಗೆ ನೆನಪಾಗಲಿಲ್ಲ. ಮನೆಗೆ ಬಂದು ಎರಡು ಕೋಟನ್ನೂ ಒಟ್ಟಿಗೇ ಕಳಚಿ, ಕೊಟ್ಟಿಗೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ. ಒಳಗಿನದರಲ್ಲಿ ಮಗನ ಮೈವಾಸನೆ, ಹೊರಗಿನದರಲ್ಲಿ ಕಳ್ಳನದು. ಮತ್ತೆ ಆ ಮೊಳೆಯ ಕಡೆ ಕೈ ಹೋಗಲಿಲ್ಲ.

ಊರು ವೆಂಡೆಲ್‌ನನ್ನು ಬಿಟ್ಟಿತು. ಮಿಲ್ಲಿನವರು ಅವನನ್ನು ಕಂಡರೆ ಕೈ ಒರೆಸಿಕೊಳ್ಳುವಂತೆ ನಟಿಸಿ ನಗುತ್ತಿದ್ದರು. ಬೇಲಿಯ ದಾರಿಯಲ್ಲಿ ಹುಲ್ಲು ಬೆಳೆಯಿತು. ಒಂದು ವರ್ಷ ಅವರಿಬ್ಬರೂ ಮಾತಾಡಲಿಲ್ಲ. ಮರುವರ್ಷದ ಶರತ್ಕಾಲದಲ್ಲಿ, ಸೌದೆ ಸೀಳುತ್ತಿದ್ದ ವೆಂಡೆಲ್ ಅಲ್ಲೇ ಕುಸಿದು ಸತ್ತ.

ಮರುದಿನ ಅವನ ಹೆಂಡತಿ ಕೋರಾ ಬೇಲಿ ದಾಟಿ ಬಂದಳು. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತಳು.

"ಅವನ ಕೆಂಪು ಕೋಟು ನಿನ್ನ ಹತ್ರ ಇದೆಯಲ್ಲ ಹಾಲಿಸ್. ಅದರಲ್ಲೇ ಅವನನ್ನ ಮಣ್ಣು ಮಾಡ್ಬೇಕು ಅಂತ ನನಗೆ."

"ಕೇಳೋಕೆ ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಬೇಡ ಅಂದಿದ್ದ. ಅದು ಅಲ್ಲೇ ಇರ್ಲಿ ಅಂತಿದ್ದ."

ಹಾಲಿಸ್ ಕೊಟ್ಟಿಗೆಗೆ ಹೋಗಿ ಮೊಳೆಯಿಂದ ಎರಡನ್ನೂ ಇಳಿಸಿದ. ತೋಳುಗಳು ಸಲೀಸಾಗಿ ಬಿಟ್ಟವು. ಬೆನ್ನು ಮಾತ್ರ ಅಂಟಿಕೊಂಡಿತ್ತು. ಜಗ್ಗಿದ, ಒಣಗಿದ ತೊಗಟೆ ಕಿತ್ತು ಬಂದಂಥ ಸದ್ದಾಯಿತು.

ಟಾಡ್‌ನ ಕೋಟಿನ ಬೆನ್ನ ನಡುವೆ, ಒಡೆದ ಗುಂಡಿನ ಸಿಪ್ಪೆ ಇನ್ನೂ ಕಚ್ಚಿಕೊಂಡಿದ್ದ ಹಳದಿ ಬಣ್ಣ. ಅದರ ಮೇಲೆ, ಒರೆಸಲು ಹೋಗಿ ಒರೆಸಲಾಗದ ಒಂದು ಅಗಲವಾದ ಅಂಗೈಯ ಅಚ್ಚು.