ಮನೆಯವರು

ಕೈಪಟ್ಟಿ ಮತ್ತೆ ಗುರ್ ಎಂದಿತು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಯಾರದೋ ಅಂಗಿಯನ್ನು ಅರ್ಧಕ್ಕೇ ಬಿಟ್ಟು, ಅವಳು ಲಾಂಡ್ರಿಯಿಂದ ಹೊರಗೋಡಿದಳು. ಮನೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ. ಮೆಟ್ಟಿಲು ಹತ್ತುವಷ್ಟರಲ್ಲಿ ಪಟ್ಟಿಯ ಗುರುಗುಟ್ಟುವಿಕೆ ಇನ್ನೂ ಜೋರಾಯಿತು. ಇವರು ಒಳಗೆ ಅದೇನು ಮಾಡಿಕೊಳ್ಳುತ್ತಿದ್ದಾರೋ ಎಂದು ಅವಳ ಜೀವ ಬಾಯಿಗೆ ಬಂತು.

ಬಾಗಿಲು ತಳ್ಳಿದರೆ, ಗಂಡ ಕಿಟಕಿಯ ಬಳಿ ಕುಳಿತು ಬಟಾಣಿ ಸುಲಿಯುತ್ತಿದ್ದ.

"ಏನ್ ಮಾಡ್ತಿದ್ರಿ?"

"ಕಾಣ್ತಿಲ್ವಾ? ಬಟಾಣಿ."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ ಇನ್ನೊಂದು ಬಟಾಣಿ."

ನಗುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಹತ್ತಿರ ಹೋಗಿ ಅವನ ಬಾಯಿ ಮೂಸಿದಳು. ಸಿಗರೇಟಿನ ವಾಸನೆಯಿಲ್ಲ. ಕಪಾಟು ಸರಿಸಿದ ಗುರುತೂ ಇಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ, ಈ ಮನುಷ್ಯನ ಮುಖದಲ್ಲಿ ಅದೂ ಕಾಣಲಿಲ್ಲ.

ಅವನು ಬಸ್ ಓಡಿಸುತ್ತಿದ್ದವನು. ಸ್ಟೀರಿಂಗ್ ಹಿಡಿದಿದ್ದಾಗಲೇ ಎದೆನೋವು ಬಂದು ಆಸ್ಪತ್ರೆ ಸೇರಿದ್ದ. ಮನೆಗೆ ಕಳಿಸುವಾಗ ಅವನ ಮಣಿಕಟ್ಟಿಗೊಂದು ಪಟ್ಟಿ ಕಟ್ಟಿದರು. ಅದು ನಾಡಿಬಡಿತವನ್ನು ಇಂಟರ್ನೆಟ್ಟಿನಲ್ಲಿ ಆಸ್ಪತ್ರೆಗೆ ಮುಟ್ಟಿಸುತ್ತಿತ್ತು. "ನೋಡ್ಕೊಳ್ಳೋರ ಕೈಲೂ ಒಂದಿರ್ಲಿ" ಎಂದು ಅವಳಿಗೂ ಒಂದು ಕಟ್ಟಿ, "ಗುರ್ ಅಂದ್ರೆ ಅಸಡ್ಡೆ ಮಾಡ್ಬೇಡಿ" ಎಂದಿದ್ದರು.

ಅವಳು ಅಸಡ್ಡೆ ಮಾಡಲಿಲ್ಲ. ಗುರ್ ಎಂದಾಗಲೆಲ್ಲ ಓಡಿ ಬಂದಳು. ಮೊದಲು ಅವನಿಂದ ನೀರಿನ ಕ್ಯಾನ್ ಕಿತ್ತುಕೊಂಡಳು, ಆಮೇಲೆ ಪೊರಕೆ, ಇವತ್ತು ಬಟಾಣಿ. ಅಷ್ಟೂ ಕೆಲಸ ಅವಳ ತಲೆಗೇ ಬಂತು. ಕೂತು ಕೂತು ಅವನ ಕೆನ್ನೆ ತುಂಬಿಕೊಂಡಿತು. ಅವಳ ಮೈ ಹಣ್ಣಾಯಿತು. ಆದರೂ ಪಟ್ಟಿ ಸುಮ್ಮನಾಗಲಿಲ್ಲ. ಅವನಿಲ್ಲದ ಮನೆಯನ್ನು ನೆನೆಯಲೂ ಅವಳಿಗೆ ಹೆದರಿಕೆ.

"ನೀನೂ ಸ್ವಲ್ಪ ಕೂತ್ಕೋ ಕಣೇ," ಎಂದ ಗಂಡ.

"ನಾನು ಕೂತ್ರೆ ನಿಮ್ಮನ್ನ ಕಾಯೋರ್ಯಾರು?"

ಅಷ್ಟರಲ್ಲಿ ಫೋನ್ ಬಂತು. ಆಸ್ಪತ್ರೆಯ ನರ್ಸ್.

"ಅಮ್ಮಾ, ನಾಡಿ ತುಂಬಾ ಏರುಪೇರಾಗ್ತಿದೆ. ತಡ ಮಾಡ್ಬೇಡಿ. ಮನೆಯವರನ್ನ ಕರ್ಕೊಂಡು ಈಗ್ಲೇ ಬನ್ನಿ."

ಅವಳು ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಮೆಟ್ಟಿಲು ಇಳೀಬಹುದಾ?"

"ನಿಧಾನಕ್ಕೆ, ಒಬ್ರನ್ನೊಬ್ರು ಹಿಡ್ಕೊಂಡು. ಇಲ್ಲಿ ಬಾಗಿಲಲ್ಲೇ ಗಾಲಿಕುರ್ಚಿ ಇಟ್ಟಿರ್ತೀವಿ. ಆಮೇಲೆ ಒಂದು ಹೆಜ್ಜೆನೂ ನಡೀಬಾರ್ದು."

ಗಂಡನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಸುಮ್ಮನೆ ತೋರಿಸಿಕೊಂಡು ಬರೋಣ ಎಂದಳು. ಅವನ ಬಟ್ಟೆ, ಔಷಧಿ, ಹೊದಿಕೆಯ ಚೀಲವನ್ನು ಹೆಗಲಿಗೇರಿಸಿ, ಇನ್ನೊಂದು ಹೆಗಲನ್ನು ಅವನಿಗೆ ಕೊಟ್ಟು ಇಳಿಸಿದಳು. ಅವನು ಚೀಲಕ್ಕೆ ಕೈ ಚಾಚಿದಾಗಲೆಲ್ಲ ಗದರಿದಳು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವನ ಮುಖವನ್ನೇ ನೋಡಿದಳು. ಅವನು ಸಿಗ್ನಲ್ಲಿನಲ್ಲಿ ನಿಂತ ಬಸ್ಸುಗಳನ್ನು ನೋಡಿದ.

ಆಸ್ಪತ್ರೆಯ ಬಾಗಿಲಲ್ಲಿ ಹೇಳಿದಂತೆಯೇ ಗಾಲಿಕುರ್ಚಿ ಇತ್ತು. ಬೇಡ ಬೇಡ ಎಂದರೂ ಬಿಡದೆ ಅವನನ್ನು ಕೂರಿಸಿದಳು. ಒಳಗೆ ಹೋಗುವ ದಾರಿ ಏರು. ಹಲ್ಲು ಕಚ್ಚಿ ತಳ್ಳಿದಳು. ಪಟ್ಟಿ ಬಿಡದೆ ಗುರುಗುಟ್ಟಿತು.

"ಅಲುಗಾಡ್ಬೇಡೀಂದ್ರೆ!" ಎಂದು ಏದುಸಿರಿನಲ್ಲೇ ಬೈದಳು. "ನನ್ನ ನಡುನೀರಲ್ಲಿ ಬಿಟ್ಟು ಹೋಗ್ಬೇಡಿ."

"ನಾನು ಕಲ್ಲಿನ ಹಾಗೆ ಕೂತಿದೀನಲ್ಲೇ," ಎಂದ ಅವನು.

ಒಳಗಿನಿಂದ ನರ್ಸ್ ಓಡಿ ಬಂದಳು. ತನ್ನ ಕೈಯಲ್ಲಿದ್ದ, ನಾಡಿ ತೋರಿಸುವ ಪರದೆಯನ್ನು ನೋಡಿದಳು, ಹೆಂಡತಿಯ ಬೆವೆತ ಮುಖವನ್ನು ನೋಡಿದಳು. ಗಾಲಿಕುರ್ಚಿಯ ಹಿಡಿಯಿಂದ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಗಂಡನ ಕಡೆ ತಿರುಗಿದಳು.

"ಏಳಿ ಸಾರ್, ನಿಮ್ಮ ಎದೆ ಗಟ್ಟಿಯಾಗಿದೆ, ಈ ಕುರ್ಚಿ ಇಟ್ಟಿದ್ದು ನಿಮ್ಮ ಮನೆಯವರಿಗೆ."