ಗೀಜರ್ ಕಳಚಿದ ದಿನ

ಸುತ್ತಿಗೆಯ ಮೊದಲ ಏಟಿಗೆ ಗೀಜರಿನ ಮುಖ ಒಳಕ್ಕೆ ಹೋಯಿತು. ಎರಡನೆಯದಕ್ಕೆ ತಾಮ್ರದ ಕೊಳವೆ ಹೊರಬಿತ್ತು. ಮುದುಕ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಯಜಮಾನ್ರೇ, ಚೆನ್ನಾಗಿತ್ತಲ್ರೀ! ನಮ್ಮನೇಲಿ ಹಾಕ್ಕೋತೀನಿ ಅಂದ್ನಲ್ಲ," ಎಂದ ಪ್ಲಂಬರ್.

"ಅದಕ್ಕೇ ಒಡೀತಿರೋದು."

ಸೋಲಾರ್ ಜೋಡಿಸಲು ಬಂದಿದ್ದ ಪ್ಲಂಬರ್‌ಗೆ ಮೈ ಉರಿಯಿತು. ಎಂಥ ಹೊಟ್ಟೆಕಿಚ್ಚಿನ ಮನುಷ್ಯ! ತನಗೆ ಬೇಡದ ಗ್ಯಾಸ್ ಗೀಜರ್ ಇನ್ನೊಬ್ಬನ ಬಚ್ಚಲಿಗೂ ಹೋಗಬಾರದಂತೆ.

ಬಾಗಿಲಲ್ಲಿ ನಿಂತಿದ್ದ ಸೊಸೆ ತುಟಿ ಕಚ್ಚಿ ನೋಡುತ್ತಿದ್ದಳು. ಆ ಗೀಜರನ್ನು ತಂದು ಗೋಡೆಗೆ ಕೂರಿಸಿದವನು ಅವಳ ಗಂಡ. ಅವನು ಹೋಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಜ್ವರದಿಂದ ಎದ್ದವನು ಸ್ನಾನಕ್ಕೆಂದು ಹೋಗಿ ಬಚ್ಚಲಲ್ಲೇ ಕುಸಿದಿದ್ದ. ಆಸ್ಪತ್ರೆಯಿಂದ ಬಂದ ಮುದುಕ "ಹಾರ್ಟು ನಿಂತುಹೋಯ್ತಂತೆ" ಎಂದಷ್ಟೇ ಹೇಳಿ ರೂಮಿನ ಬಾಗಿಲು ಹಾಕಿಕೊಂಡಿದ್ದ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಆ ವಾರದಿಂದಲೇ ಅವನ ದರ್ಬಾರು ಶುರು. ಗೀಜರಿನ ಸಿಲಿಂಡರ್ ಮನೆಯಿಂದ ಆಚೆ ಹೋಯಿತು. ಸೊಸೆ ಒಲೆಯ ಮೇಲೆ ನೀರು ಕಾಯಿಸಿ ಬಚ್ಚಲಿಗೆ ಹೊರಬೇಕಾಯಿತು. ಗಂಡನ ಹಳದಿ ಟವೆಲ್ ಕೂಡ ಮಾಯವಾಗಿತ್ತು. ಈಗ ತಾರಸಿಯ ಮೇಲೆ ಸೋಲಾರ್ ಟ್ಯಾಂಕು, ಗಾಜಿನ ಕೊಳವೆಗಳು! ಮಗ ಬದುಕಿದ್ದಾಗ ಇದನ್ನೇ ಹಾಕಿಸೋಣ ಎಂದು ಅವಳು ಬಾಯಿ ಬಡಿದುಕೊಂಡರೆ, "ಗೀಜರ್ ಇದೆಯಲ್ಲ, ಸಾಕು" ಎಂದು ತಳ್ಳಿಹಾಕಿದ್ದವನು ಇದೇ ಮುದುಕ.

"ಅವರ ಗುರುತು ಒಂದೂ ಉಳೀಬಾರ್ದು, ಅಲ್ವಾ?" ಸೊಸೆ ಕೊನೆಗೂ ಬಾಯಿಬಿಟ್ಟಳು. "ಹೆತ್ತ ಮಗನ ಮೇಲೆ ಏನು ಹಗೆ ಮಾವ ನಿಮಗೆ?"

"ಮನೆ ನಂದು. ಬಚ್ಚಲೂ ನಂದೇ."

"ಹಾಗಾದ್ರೆ ನಿಮ್ಮ ಬಿಸಿನೀರು ನೀವೇ ಸುರ್ಕೊಳ್ಳಿ. ನಾನು ಇವತ್ತೇ ತವರಿಗೆ ಹೋಗ್ತೀನಿ. ಮತ್ತೆ ಈ ಹೊಸಿಲು ತುಳಿಯಲ್ಲ."

ಆ ಮನೆಯಲ್ಲಿ ಉಳಿದವರೇ ಅವರಿಬ್ಬರು. ಬೇರೆ ಯಾರೇ ಆಗಿದ್ದರೂ ಬೇಡಮ್ಮ ಎಂದು ಗೋಗರೆಯುತ್ತಿದ್ದರು. ಮುದುಕ ಸುತ್ತಿಗೆ ಕೆಳಗಿಟ್ಟ.

"ಹೋಗು."

ತಾರಸಿಯಿಂದ ಇಳಿದ ಬಿಸಿನೀರಿನ ಪೈಪನ್ನು ಪ್ಲಂಬರ್ ಬಚ್ಚಲಿನ ಗಾಳಿಕಿಂಡಿಯ ಮೂಲಕ ಒಳಗೆ ತರಬೇಕಿತ್ತು. ಏಣಿ ಹತ್ತಿ, ಕಿಂಡಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದ. ಚೌಕಟ್ಟಿನ ತಗಡಿಗೆ ಸಿಕ್ಕಿಕೊಂಡಿದ್ದ ಹಳದಿ ಎಳೆಗಳು ಬೆರಳಿಗೆ ಬಂದವು. ಅವನು ಕಿಂಡಿಯನ್ನೊಮ್ಮೆ, ಪುಡಿಯಾದ ಗೀಜರನ್ನೊಮ್ಮೆ ನೋಡಿದ.

"ಯಜಮಾನ್ರೇ, ಇಲ್ಲಿ ಯಾರೋ..."

ಮುದುಕ ಅವನ ಮಾತನ್ನು ಮುಗಿಯಗೊಡಲಿಲ್ಲ. ಸೊಸೆಯತ್ತ ತಿರುಗಿ ಗುಡುಗಿದ. "ಇನ್ನೂ ಇಲ್ಲೇ ನಿಂತಿದ್ದೀಯಾ? ಹೋಗು, ಗಂಟುಮೂಟೆ ಕಟ್ಕೋ!"

ಅವಳು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಪ್ಲಂಬರ್ ದನಿ ತಗ್ಗಿಸಿದ.

"ಕಿಂಡಿ ಮುಚ್ಚಿ ಗ್ಯಾಸ್ ಗೀಜರ್ ಹಚ್ಚಿದ್ರೆ ವಿಷದ ಗಾಳಿ ಒಳಗೇ ತುಂಬ್ಕೊಳ್ಳತ್ತೆ ಕಣ್ರೀ. ವಾಸನೇನೂ ಬರಲ್ಲ. ಕೂತಲ್ಲೇ ಜೀವ ಹೋಗತ್ತೆ. ಯಾರ್ರೀ ಇಲ್ಲಿ ಬಟ್ಟೆ ತುರುಕಿದ್ದು?"

ಮುದುಕ ಕೈಚಾಚಿ ಆ ಎಳೆಗಳನ್ನು ಕಿತ್ತುಕೊಂಡ.

"ನಾನೇ."

ಗೀಜರ್ ಯಾಕೆ ಪುಡಿಯಾಯಿತು ಎಂದು ಪ್ಲಂಬರ್‌ಗೆ ಈಗ ಅರ್ಥವಾಯಿತು. "ನೀವು ಮನುಷ್ಯರೇನ್ರೀ?" ಎಂದವನು ಉತ್ತರಕ್ಕೂ ಕಾಯದೆ, ಮಿಕ್ಕ ಕೆಲಸ ಮುಗಿಸಲು ತಾರಸಿಗೆ ಹೋದ.

ಸ್ವಲ್ಪ ಹೊತ್ತಿಗೆ ಸೊಸೆ ಚೀಲ ಹಿಡಿದು ಹೊರಬಂದಳು. ಮುದುಕ ಮೆಟ್ಟಿಲ ಮೇಲೆ ಮುಷ್ಟಿ ಬಿಗಿದು ನಿಂತಿದ್ದ. ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ಗೇಟಿನ ಹತ್ತಿರ ಅವಳೇ ನಿಂತಳು.

"ಆ ಹಳದಿ ಟವೆಲ್ ಆದ್ರೂ ಕೊಡಿ ಮಾವ."

"ಸುಟ್ಟುಹಾಕಿದೆ."

ಅವಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

"ಜ್ವರ ಬಿಟ್ಟ ಮೈಗೆ ಗಾಳಿ ತಾಗಬಾರ್ದು ಅಂತ, ಆವತ್ತು ಅವರು ಸ್ನಾನಕ್ಕೆ ಹೋಗೋ ಮುಂಚೆ ನಾನೇ ಅದನ್ನ ಕಿಂಡಿಗೆ ತುರುಕಿದ್ದೆ. ಅವರಿಗೆ ಅಂತ ನಾನು ಮಾಡಿದ ಕೊನೇ ಕೆಲಸ ಅದು, ಮಾವ."